ಸಾಹೇಬರು ಬಂದ ದಿನ ಒಲೆ ಹಚ್ಚಲಿಲ್ಲ

ಜೋಳ ಹಸನು ಮಾಡುತ್ತಿದ್ದೆ. ಮೊರದಲ್ಲಿ ಕೇರಿ ಹೊಟ್ಟು ಹಾರಿಸಿ ಆಗಿತ್ತು, ಇನ್ನು ಹರಳು ಆರಿಸುವುದಿತ್ತು. ಬಿಸಿಲು ಕಟ್ಟೆಯ ಮೇಲೆ ಏರುವಷ್ಟರಲ್ಲಿ ಮುಗಿಸಿ ಗಿರಣಿಗೆ ಕಳಿಸಬೇಕೆಂದು ಕುಳಿತಿದ್ದೆ. ಆಗ ಫೋನು ಬಂತು. ಕೈತುಂಬ ಜೋಳದ ಧೂಳು. ಸೆರಗಿಗೆ ಒರೆಸಿಕೊಂಡು ಎತ್ತಿದೆ. ನನ್ನ ತಂಗಿಯ ಮಗಳು.

"ದೊಡ್ಡವ್ವಾ, ಫೈಲ್ ವಾಪಸ್ ಬಂತು."

"ಯಾವ ಫೈಲವಾ?"

"ರೊಟ್ಟಿ ಅಕ್ಕಂದು."

"ವಾಪಸ್ ಅಂದ್ರ? ಮತ್ತೊಂದು ಸಹಿ ಬೇಕಂತನ?"

"ಇಲ್ಲ ದೊಡ್ಡವ್ವಾ. ಆಗಂಗಿಲ್ಲಂತ. ಘಟಕ ನಡ್ಯಾಕತ್ತಿಲ್ಲ ಅಂತ ಬರದಾರ. ನಾ ಯಲಬುರ್ಗಾದಾಗ ಅದೀನಿ, ಸಂಜಿತನಕ ಬರಾಕಾಗಂಗಿಲ್ಲ. ನೀನ ಹೇಳು ಆಕಿಗೆ. ನನಗ ಬಾಯಿ ಬರವಲ್ದು."

ಫೋನು ಕೆಳಗಿಟ್ಟು ಎದುರಿನ ಮನೆ ನೋಡಿದೆ. ಬಾಗಿಲು ತೆರೆದಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ನಮ್ಮ ಓಣಿಯಲ್ಲಿ ಬೆಳಕು ಹರಿಯುವುದೇ ಆ ಸಪ್ಪಳದೊಂದಿಗೆ. ಹಾಲಿನವನು ಬರುವುದು ತಡವಾದೀತು, ನಳ ಬಾರದೆ ಹೋದೀತು, ಆ ಸಪ್ಪಳ ಮಾತ್ರ ತಪ್ಪುತ್ತಿರಲಿಲ್ಲ. ಅದನ್ನು ಕಿವಿಯಲ್ಲಿ ಕೇಳುತ್ತ, ಅದು ನಡೆಯುತ್ತಿಲ್ಲ ಎಂದು ಯಾರೋ ಬರೆದಿದ್ದಾರೆಂಬ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತೆ.

ನಾನು ಹೆಚ್ಚು ಓದಿದವಳಲ್ಲ. ಕೊಪ್ಪಳದ ಈ ಓಣಿಗೆ ಸೊಸೆಯಾಗಿ ಬಂದಾಗಿನಿಂದ ಮನೆ, ಮಕ್ಕಳು, ಬೆಳಗಿನ ಪೂಜೆ, ಹುಣ್ಣಿಮೆಗೊಮ್ಮೆ ಹುಲಿಗೆಮ್ಮ ತಾಯಿಯ ದರ್ಶನ, ಇಷ್ಟೇ ನನ್ನ ಲೋಕ. ಸರಕಾರದ ಯೋಜನೆ, ಸಬ್ಸಿಡಿ ಎಂಬ ಮಾತುಗಳು ನಮ್ಮ ಮನೆಗೆ ಬಂದದ್ದು ತಂಗಿಯ ಮಗಳು ಬಂದ ಮೇಲೆ. ಅವಳು ಮಂಗಳೂರಿನವಳು. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಕಾಲೇಜು ಮುಗಿಸಿ ಈ ಕೆಲಸ ಹಿಡಿದು ನಮ್ಮ ಮನೆಯಲ್ಲೇ ಉಳಿದಳು.

ಕೆಲಸವೆಂದರೆ ಇಷ್ಟು. ರೊಟ್ಟಿ, ಚಟ್ನಿಪುಡಿ, ಚಿಕ್ಕಿ, ಗಾಣದ ಎಣ್ಣೆ, ಹೀಗೆ ಕೈಯಿಂದ ಮಾಡಿ ಮಾರುವ ಸಣ್ಣವರಿಗೆಂದು ಸರಕಾರ ದುಡ್ಡು ತೆಗೆದಿಟ್ಟಿರುತ್ತದೆ. ಸಣ್ಣ ಸಣ್ಣ ಸಂಸ್ಥೆಗಳಿಗೂ ಇರುತ್ತದೆ. ಆದರೆ ಆ ದುಡ್ಡು ಇರುವ ಕಡೆಗೆ ಹೋಗುವ ದಾರಿ ಇವರಿಗೆ ಗೊತ್ತಿರುವುದಿಲ್ಲ. ವರದಿ ಬರೆಯಬೇಕು, ಯಂತ್ರದ ಅಂಗಡಿಯಿಂದ ಬೆಲೆಪಟ್ಟಿ ತರಬೇಕು, ಆಹಾರದ ಲೈಸೆನ್ಸು ಮಾಡಿಸಬೇಕು, ಬ್ಯಾಂಕಿನಲ್ಲಿ ಕೂತು ಒಪ್ಪಿಸಬೇಕು. ಅದೆಲ್ಲ ಮಾಡಿಸಿಕೊಡುವವಳು ಇವಳು. ಇವತ್ತು ಕುಷ್ಟಗಿ, ನಾಳೆ ಗಂಗಾವತಿ, ಸ್ಕೂಟಿ ಮೇಲೇ ತಿರುಗಾಟ. ಫೈಲು ಪಾಸಾದರೆ ಮಾತ್ರ ಅವಳಿಗೆ ಸಂಭಾವನೆ. ಪಾಸಾಗದಿದ್ದರೆ ಪೆಟ್ರೋಲೂ ಅವಳದೇ, ಬಿಸಿಲೂ ಅವಳದೇ. ಕುಷ್ಟಗಿಯಲ್ಲಿ ಕಿವಿ ಕೇಳದ ಮಕ್ಕಳನ್ನು ಇಟ್ಟುಕೊಂಡು ಹೊಲಿಗೆ ಕಲಿಸುವ ಒಂದು ಪುಟ್ಟ ಸಂಸ್ಥೆಯಿದೆ. ಅವರಿಗೆ ಅನುದಾನ ಬಂದ ದಿನ ಅವಳು ನಮ್ಮ ದೇವರ ಮುಂದೆ ಪೇಡೆ ಇಟ್ಟು, "ದೊಡ್ಡವ್ವಾ, ಆ ಹುಡುಗ್ರು ಚಪ್ಪಾಳಿ ಹೊಡದ್ರು ನೋಡು, ತಮಗ ಕೇಳಂಗಿಲ್ಲ, ನನಗ ಕೇಳ್ಲೆಂತ ಹೊಡದ್ರು" ಎಂದು ಅತ್ತಿದ್ದಳು.

ಎದುರು ಮನೆಯ ಮುಂದಿನ ಕೋಣೆಯನ್ನು ಬಾಡಿಗೆ ಹಿಡಿದು ರೊಟ್ಟಿ ಮಾಡಿ ಮಾರುವವಳನ್ನು ಎಲ್ಲರೂ ರೊಟ್ಟಿ ಅಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು. ಗಂಡ ತೀರಿದ ಮೇಲೆ ಹೊಲದ ಕೂಲಿ ಬಿಟ್ಟು ಈ ಊರಿಗೆ ಬಂದು ಒಲೆ ಹೂಡಿದವಳು. ಖಾನಾವಳಿಗೆ, ಮದುವೆಗೆ, ಆಫೀಸಿನವರಿಗೆ ಅವಳದೇ ರೊಟ್ಟಿ. ಜೊತೆಗೆ ಹಿಟ್ಟು ನಾದಲು, ಬೇಯಿಸಲು ಮೂವರು ಹೆಣ್ಣುಮಕ್ಕಳು. ಅವರಲ್ಲಿ ಒಬ್ಬಳು ಹಿಟ್ನಾಳದ ಕಡೆಯಿಂದ ಸೊಸೆಯಾಗಿ ಬಂದವಳು, ಬಾಯಿ ಜೋರು. ಅವಳು ನಕ್ಕರೆ ನಮ್ಮ ಪಡಸಾಲೆಗೆ ಕೇಳುತ್ತಿತ್ತು.

ಅಷ್ಟು ವರ್ಷ ಬಡಿದು ಬಡಿದು ಅಕ್ಕನ ಬಲಭುಜ ಹೋಯಿತು. ಕೈ ಎತ್ತಿದರೆ ಕಣ್ಣಲ್ಲಿ ನೀರು. ಡಾಕ್ಟರು ಬಡಿಯುವುದನ್ನೇ ಬಿಡಬೇಕು ಎಂದರು. ಬಡಿಯುವುದನ್ನು ಬಿಟ್ಟರೆ ಅವಳು ಏನು ಮಾಡುವುದು? ಗಂಗಾವತಿಯ ಹತ್ತಿರ, ಭತ್ತದ ಗದ್ದೆಗಳ ನಡುವಿನ ಒಂದು ಕ್ಯಾಂಪಿನಲ್ಲಿ ಮಗಳಿದ್ದಾಳೆ. ಗಂಡ ಹೆಂಡತಿ ಇಬ್ಬರೂ ನಾಟಿ ಹಚ್ಚುವ ಕೆಲಸಕ್ಕೆ ಹೋಗುವವರು. ಬಾ ಬಾ ಎಂದು ಕರೆಯುತ್ತಲೇ ಇದ್ದಳು. ಅಕ್ಕ ಹೋಗುತ್ತಿರಲಿಲ್ಲ.

"ಮಗಳು ಛಲೋ ಐದಾಳ ತಂಗಿ. ಅಳಿಯಾನೂ ಛಲೋ. ಆದ್ರ ಅಲ್ಲಿ ಹೋದ್ರ ಅವರ ಅನ್ನ. ಇಲ್ಲಿದ್ರ ನನ್ನ ರೊಟ್ಟಿ" ಎನ್ನುತ್ತಿದ್ದಳು.

ಉಳಿದಿದ್ದ ದಾರಿ ಒಂದೇ, ರೊಟ್ಟಿ ಬಡಿಯುವ ಯಂತ್ರ. ಹಿಟ್ಟಿನ ಉಂಡೆ ಇಟ್ಟರೆ ಅದೇ ತಟ್ಟಿ ಕೊಡುತ್ತದೆ, ಬೇಯಿಸಿದರಾಯಿತು. ಯಂತ್ರ ಬಂದರೆ ಅಕ್ಕನ ಒಲೆಯೂ ಉಳಿಯುತ್ತದೆ, ಆ ಮೂವರ ದುಡಿಮೆಯೂ ಉಳಿಯುತ್ತದೆ. ಇಲ್ಲದಿದ್ದರೆ ಎಲ್ಲ ಮುಚ್ಚಬೇಕು. ಕೈಯಿಂದ ದುಡ್ಡು ಹಾಕಿ ಕೊಳ್ಳುವ ಮಾತಂತೂ ಇರಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ನಮ್ಮ ಮನೆಗೆ ಮಜ್ಜಿಗೆಗೆಂದು ಬಂದಿದ್ದಳು. ಚೊಂಬು ಎತ್ತುವಾಗ ಅವಳ ಮುಖ ಕಿವುಚಿದ್ದನ್ನು ತಂಗಿಯ ಮಗಳು ನೋಡಿದಳು. ಊಟದ ತಟ್ಟೆ ಸರಿಸಿ, "ಅಕ್ಕಾರ, ನಿಮ್ಮಂಥೋರ ಸಲುವಾಗೇ ಯೋಜನಾ ಐತ್ರಿ" ಎಂದಳು.

"ಸರಕಾರ ನನ್ನ ಭುಜ ಯಾವಾಗ ನೋಡ್ತಬೇ?"

"ನಾ ತೋರಸ್ತೀನಿ ಬಿಡ್ರಿ."

ಹಾಗೆ ಶುರುವಾಯಿತು. ಯೋಜನೆಯ ನಿಯಮ ಸರಳವಾಗಿಯೇ ಇತ್ತು. ಹೊಸದಾಗಿ ಕನಸು ಕಾಣುವವರಿಗಲ್ಲ, ಈಗಾಗಲೇ ನಡೆಸುತ್ತಿರುವ ಸಣ್ಣ ಘಟಕವನ್ನು ದೊಡ್ಡದು ಮಾಡಿಕೊಳ್ಳುವವರಿಗೆ ಸಹಾಯ. ಒಂದು ಪಾಲು ಸರಕಾರದ್ದು, ಉಳಿದದ್ದು ಬ್ಯಾಂಕಿನ ಸಾಲ. ಅಧಿಕಾರಿ ಒಂದು ಸಲ ಬಂದು, ಘಟಕ ನಡೆಯುತ್ತಿದೆ ಎಂದು ಕಣ್ಣಾರೆ ನೋಡಿ ಬರೆಯಬೇಕು.

ಮೊದಲ ತೊಡಕು ಅಕ್ಕನ ಬಾಯಿಂದಲೇ ಬಂತು. ದಿನಕ್ಕೆ ಎಷ್ಟು ರೊಟ್ಟಿ ಎಂದು ಹುಡುಗಿ ಕೇಳಿದರೆ ಅಕ್ಕ ಹೇಳಲೊಲ್ಲಳು.

"ದೇವರು ಕೊಟ್ಟಷ್ಟು."

"ಅಕ್ಕಾ, ಹಂಗ ಬರಿಯಾಕ ಬರಂಗಿಲ್ಲರಿ."

"ಬೆಂದ ರೊಟ್ಟಿ ಎಣಿಸಿ ಹೇಳಿದ್ರ ಬರಕತ್ ಹೋಗತೈತಿ ಹುಡುಗಿ."

ಎಣಿಸಿದರೆ ಏಳಿಗೆ ಹೋಗುತ್ತದೆಂಬುದು ಅವಳೊಬ್ಬಳದೇ ಅಲ್ಲ, ನಮ್ಮೆಲ್ಲರ ಮನೆಯ ನಂಬಿಕೆ. ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಅಕ್ಕ ಗಿರಾಕಿಗೆ ರೊಟ್ಟಿ ಎಣಿಸಿ ಕೊಡುವಾಗಲೂ ಲಾಭ ಎಂದೇ ಶುರು ಮಾಡುತ್ತಿದ್ದಳು. ಹಂಚಿನಿಂದ ಇಳಿದ ಮೊದಲ ರೊಟ್ಟಿ ಮಾರುವುದಕ್ಕಲ್ಲ, ಆಕಳಿಗೆ. ಒಂದು ಕಂದು ಆಕಳು ದಿನಾ ಹೊತ್ತಿಗೆ ಸರಿಯಾಗಿ ಬಂದು ಹೊಸ್ತಿಲ ಹತ್ತಿರ ಮೂತಿ ಚಾಚಿ ನಿಲ್ಲುತ್ತಿತ್ತು. ಕಡೆಗೆ ಹುಡುಗಿ ತಾನೇ ಕೋಣೆಯ ಮೂಲೆಯಲ್ಲಿ ಕೂತು, ಬಂದವರಿಗೆ ಕೊಟ್ಟದ್ದನ್ನು ನೋಡಿ ನೋಡಿ ಲೆಕ್ಕ ಬರೆದುಕೊಂಡಳು.

ಕಾಗದಪತ್ರ ಎಲ್ಲ ಮುಗಿದು, ಸಾಹೇಬರು ನೋಡಲು ಬರುವ ದಿನ ಗೊತ್ತಾಯಿತು. ಹುಡುಗಿ ಹೇಳಿ ಹೋದಳು. "ಮಧ್ಯಾಹ್ನದ ಮ್ಯಾಲ ಬರ್ತಾರ. ನಾ ಕುಷ್ಟಗಿ ಕೆಲಸ ಮುಗಿಸಿ ಅಷ್ಟೊತ್ತಿಗೆ ಬಂದುಬಿಡ್ತೀನಿ. ಜಾಗ ಸ್ವಚ್ಛ ಇಟ್ಕೋರಿ ಅಕ್ಕಾ. ತಿನ್ನೋ ಪದಾರ್ಥ ಅಲ್ಲೇನ್ರಿ, ಅವರು ಮೊದಲ ಸ್ವಚ್ಛತಾ ನೋಡ್ತಾರ."

ಸ್ವಚ್ಛ ಎಂಬ ಆ ಒಂದು ಮಾತನ್ನು ಅಕ್ಕ ಗಟ್ಟಿಯಾಗಿ ಹಿಡಿದಳು.

ದೊಡ್ಡವರೊಬ್ಬರು ಮನೆಗೆ ಬರುತ್ತಾರೆಂದರೆ ನಮ್ಮಲ್ಲಿ ಏನು ಮಾಡುತ್ತೇವೆ? ಕೆಲಸ ನಿಲ್ಲಿಸುತ್ತೇವೆ. ಕಸ, ಮುಸುರೆ, ಹಿಟ್ಟು, ಹೊಗೆ, ಯಾವುದೂ ಅವರ ಕಣ್ಣಿಗೆ ಬೀಳಬಾರದು. ಕೆಲಸ ಮಾಡುತ್ತ ಕುಳಿತಿದ್ದರೆ ಬಂದವರಿಗೆ ಬೆನ್ನು ತೋರಿಸಿದಂತೆ. ಹಾಗಾಗಿ ಆ ಮೂವರೂ ಅಕ್ಕನೂ ಸೇರಿ ಗೋಡೆಗೆ ಸುಣ್ಣ ಬಳಿದರು. ಒಲೆಗಳನ್ನು ಕೆಮ್ಮಣ್ಣಿನಿಂದ ಸಾರಿಸಿ ಮೇಲೆ ರಂಗೋಲಿ ಎಳೆದರು. ಹಂಚುಗಳನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ಗೋಡೆಗೆ ಒರಗಿಸಿ ವಿಭೂತಿ, ಕುಂಕುಮ ಇಟ್ಟರು. ಹಿಟ್ಟಿನ ಚೀಲಗಳು ಅಂದಗೆಡುತ್ತವೆಂದು ಹೊತ್ತು ತಂದು ನಮ್ಮ ಪಡಸಾಲೆಯಲ್ಲಿ ಇಟ್ಟರು. ನಾನೇ ಜಾಗ ಮಾಡಿಕೊಟ್ಟೆ. ಮಾವಿನ ತೋರಣ ಕಟ್ಟಿದ್ದೂ ನಾನೇ, ಹಿತ್ತಾಳೆಯ ತಂಬಿಗೆ ಕೊಟ್ಟದ್ದೂ ನಾನೇ. ಖಾನಾವಳಿಯವನಿಗೆ ಹಿಂದಿನ ದಿನವೇ ಹೇಳಿ ಕಳಿಸಿದ್ದರು, ನಾಳೆ ರೊಟ್ಟಿ ಇಲ್ಲ, ಬರಬೇಡ ಅಂತ.

"ನನ್ನ ಮದಿವ್ಯಾಗೂ ಇಷ್ಟು ಸುಣ್ಣ ಬಡದಿದ್ದಿಲ್ಲ ನಮ್ಮತ್ತಿ" ಎಂದು ಹಿಟ್ನಾಳದವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಸಾಹೇಬ ಬಂದು ಒಲಿಗೆ ಕೈ ಮುಗದು ಹೊಕ್ಕಾನ ನೋಡ್ರಿ, ಯಾವ ಗುಡಿ ಇದು ಅಂತ."

"ಬಾಯಿ ಮುಚ್ಚಿ ಆ ಮೂಲಿ ಒರಸು" ಎಂದಳು ಅಕ್ಕ. ನಗುತ್ತಿದ್ದಳು. ಅಷ್ಟು ನಗುಮುಖ ನಾನು ಬಹಳ ದಿನದಿಂದ ನೋಡಿರಲಿಲ್ಲ.

ಸಾಹೇಬರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ಬೆಳಗಿನ ಹೊತ್ತು. ಹುಡುಗಿ ಇನ್ನೂ ಕುಷ್ಟಗಿಯಿಂದ ಬಂದಿರಲಿಲ್ಲ. ಸಾಹೇಬರು ಎಳೆಯ ವಯಸ್ಸಿನವರು, ಮೆಲು ಮಾತಿನವರು. ಬೂಟು ಹೊರಗೆ ಬಿಟ್ಟು ಒಳಗೆ ಬಂದರು. ಅವರು ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಆ ಅನುಕೂಲವೂ ನಮಗಿಲ್ಲ.

ಅಕ್ಕ ಇಲಕಲ್ ಸೀರೆಯುಟ್ಟು ತಲೆಮೇಲೆ ಸೆರಗು ಹೊದ್ದು ನಿಂತಿದ್ದಳು. ಕುರ್ಚಿ ಹಾಕಿದ್ದಾಯಿತು, ನೀರು ಕೊಟ್ಟದ್ದಾಯಿತು. ಹೋಳಿಗೆಯನ್ನು ನಮ್ಮ ಮನೆಯಲ್ಲಿ ಮಾಡಿ ತಂದಿದ್ದೆವು.

ಸಾಹೇಬರು ಸುತ್ತ ನೋಡಿದರು. "ರೊಟ್ಟಿ ಎಲ್ಲಿ ಮಾಡ್ತೀರಿ ಅಮ್ಮಾ?"

"ಇಲ್ಲೇ ರೀ ಸಾಹೇಬ್ರ."

"ಇವತ್ತು ಮಾಡಿಲ್ಲೇನು?"

"ನೀವು ಬರೋರಿದ್ರಲ್ಲರಿ. ಹೊಗಿ ಹತ್ತಬಾರದಂತ ನಿಲ್ಲಿಸೀವ್ರಿ."

"ದಿನಕ್ಕೆ ಎಷ್ಟು ಮಾಡ್ತೀರಿ?"

"ಎಲ್ಲೀದ್ರಿ ಸಾಹೇಬ್ರ, ಏನೋ ನಾಕು ರೊಟ್ಟಿ. ಹೊಟ್ಟಿಪಾಡು."

"ಗಿರಾಕಿಗಳು?"

"ಅವರಿವರು ಬರ್ತಾರ್ರಿ. ದೇವರು ನಡಸ್ಯಾನ."

ನಾನು ಬಾಗಿಲಲ್ಲಿ ನಿಂತಿದ್ದೆ. ಖಾನಾವಳಿಯವನು ದಿನಾ ಬುಟ್ಟಿಗಟ್ಟಲೆ ಒಯ್ಯುವುದು ನನಗೆ ಗೊತ್ತು. ಹಬ್ಬದ ಮುಂದೆ ಓಣಿಯ ತುದಿಯವರೆಗೆ ಜನ ನಿಲ್ಲುವುದೂ ಗೊತ್ತು. ಆದರೆ ಹೊರಗಿನವರ ಮುಂದೆ ತನ್ನ ದುಡಿಮೆಯನ್ನು ದೊಡ್ಡದು ಮಾಡಿ ಹೇಳಿಕೊಳ್ಳುವ ಹೆಂಗಸನ್ನು ನಮ್ಮ ಕಡೆ ಯಾರೂ ಮೆಚ್ಚುವುದಿಲ್ಲ. ಅಕ್ಕ ಆಡಿದ್ದು ಮರ್ಯಾದೆಯ ಮಾತು. ನನಗೂ ಹಾಗೇ ಕೇಳಿಸಿತು. ಸಾಹೇಬರು ತಲೆಯಾಡಿಸಿ ಬರೆದುಕೊಂಡರು.

ಅಷ್ಟರಲ್ಲಿ ಕಂದು ಆಕಳು ಬಂತು. ತನ್ನ ರೊಟ್ಟಿಗೆಂದು ಹೊಸ್ತಿಲಿಗೆ ಮೂತಿ ಹಚ್ಚಿತು. ಸಾಹೇಬರ ಬೂಟು ಅಲ್ಲೇ ಇತ್ತು. "ಹಚ್ಯಾ, ಹೋಗ" ಎಂದು ಹಿಟ್ನಾಳದವಳು ಓಡಿಸಿದಳು. ಅದು ಎರಡು ಹೆಜ್ಜೆ ಸರಿದು ಮತ್ತೆ ನಿಂತಿತು, ಮತ್ತೆ ಓಡಿಸಿದಳು. ಈಗ ಅನ್ನಿಸುತ್ತದೆ, ಆ ದಿನ ಅಲ್ಲಿ ನಿಜ ಹೇಳಲು ಬಂದದ್ದು ಅದೊಂದೇ.

ಫೋಟೋ ತೆಗೆಯುವುದಾಗಿ ಸಾಹೇಬರು ಹೇಳಿದಾಗ ಎಲ್ಲರೂ ಒಲೆಯ ಹಿಂದೆ ಸಾಲಾಗಿ ನಿಂತೆವು. ನನ್ನನ್ನೂ ಎಳೆದುಕೊಂಡರು. ಅಕ್ಕ ನೆಟ್ಟಗೆ ನಿಂತಳು. ಸುಣ್ಣದ ಬಿಳಿ ಗೋಡೆ, ಕೆಂಪು ಒಲೆ, ರಂಗೋಲಿ. ಎಷ್ಟು ಚೆಂದದ ಫೋಟೋ ಬಂದಿರಬೇಕು.

ಹುಡುಗಿ ಬಂದದ್ದು ಆಮೇಲೆ. ಸ್ಕೂಟಿ ನಿಲ್ಲಿಸಿ ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಮುಖ ನೋಡಿ ನನಗೆ ಏನೋ ತಪ್ಪಿದೆ ಎನ್ನಿಸಿತು, ಏನೆಂದು ಹೊಳೆಯಲಿಲ್ಲ.

"ಅಕ್ಕಾ, ಒಲಿ ಯಾಕ ಹಚ್ಚಿಲ್ಲ? ಹಚ್ಚ್ರಿ, ಈಗ ಹಚ್ಚ್ರಿ!"

"ಏ ಹುಡುಗಿ, ಸಾಹೇಬ್ರು ಕುಂತಾರ" ಎಂದು ಅಕ್ಕ ದನಿ ತಗ್ಗಿಸಿದಳು. "ಕುಂತವರ ಮಾರಿಗೆ ಹೊಗಿ ಬಿಡಾಕ ಹೋಗತೈತೇನು?"

ಹುಡುಗಿ ಸಾಹೇಬರ ಕಡೆ ತಿರುಗಿದಳು. "ಸರ್, ಇವರು ದಿನಾ ಮಾಡ್ತಾರ್ರಿ. ಹಿಟ್ಟಿನ ದಾಸ್ತಾನು ನೋಡ್ರಿ ಸರ್, ಚೀಲ ಅದಾವು." ಸುತ್ತ ನೋಡಿದಳು. "ಅಕ್ಕಾ, ಚೀಲ ಎಲ್ಲಿ?"

"ನಿಮ್ಮ ದೊಡ್ಡವ್ವನ ಮನ್ಯಾಗ."

ಸಾಹೇಬರು ನಮ್ಮ ಮನೆಗೂ ಬಂದು ನೋಡಿದರು. "ಇದು ಬೇರೆಯವರ ಮನೆ ಅಲ್ಲೇನಮ್ಮಾ?" ಎಂದರು. ಹೌದೆಂದೆ. ಮತ್ತೇನು ಹೇಳಲಿ? ಅದನ್ನೂ ಬರೆದುಕೊಂಡರು. ಒಲೆ ಹಚ್ಚಿ ಎಸರು ಕಾಯಿಸಿ ಹಿಟ್ಟು ನಾದುವ ತನಕ ನಿಲ್ಲಲು ಅವರಿಗೆ ಪುರಸೊತ್ತಿರಲಿಲ್ಲ, ಇನ್ನೂ ಊರುಗಳಿಗೆ ಹೋಗುವುದಿತ್ತು. "ಇರಲಿ ಮೇಡಂ, ಫೋಟೋ ಆಗಿದೆ" ಎಂದರು. ಹೋಳಿಗೆ ತಿಂದರು. ಅಕ್ಕ ಹೊದಿಸಲು ಹೋದ ಶಾಲನ್ನು ಕೈಮುಗಿದು ಬೇಡವೆಂದರು. ಹೋಗುವಾಗ, "ಭಾಳ ಸ್ವಚ್ಛ ಇಟ್ಟೀರಿ ಅಮ್ಮಾ" ಎಂದರು.

ಆ ಮಾತಿಗೆ ಅಕ್ಕ ಸಂಜೆಯವರೆಗೆ ಹಿಗ್ಗಿದಳು. ಓಣಿಯಲ್ಲಿ ಕಂಡ ಕಂಡವರಿಗೆ ಹೇಳಿದಳು. ನಾನೂ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಹುಡುಗಿ ಮಾತ್ರ ಹೋಳಿಗೆ ಮುಟ್ಟದೆ ನಮ್ಮ ಪಡಸಾಲೆಯಲ್ಲಿ ಆ ಹಿಟ್ಟಿನ ಚೀಲಗಳಿಗೆ ಒರಗಿ ಕೂತಿದ್ದಳು.

"ಆತ ಕಂಡದ್ದು ಬರೀತಾನ ದೊಡ್ಡವ್ವಾ" ಎಂದಳು. "ಕಂಡದ್ದೇನು? ತಣ್ಣಗಿರೋ ಒಲಿ. ತೊಳದಿಟ್ಟ ಹಂಚು."

ಅದೇ ವಾರ ಹುಲಿಹೈದರದ ಕಡೆ ಶೇಂಗಾ ಚಿಕ್ಕಿ ಮಾಡುವ ಗಂಡಹೆಂಡಿರ ಶೆಡ್ಡಿಗೂ ಅದೇ ಸಾಹೇಬರು ಹೋಗಿದ್ದರು. ಅವರಿಗೆ ತೊಳೆಯಲು ಬಳಿಯಲು ಹೊತ್ತೇ ಸಿಕ್ಕಿರಲಿಲ್ಲ. ಬೆಲ್ಲದ ಪಾಕ ಒಲೆಯ ಮೇಲಿತ್ತು, ಬಿಟ್ಟು ಏಳುವಂತಿರಲಿಲ್ಲ. ಗಂಡ ಸೌಟು ಹಿಡಿದೇ ಮಾತಾಡಿದನಂತೆ. ಸಾಹೇಬರ ಕಾಲು ನೆಲದ ಬೆಲ್ಲಕ್ಕೆ ಅಂಟಿತಂತೆ. ಸ್ವಚ್ಛತೆ ಸುಧಾರಿಸಿಕೊಳ್ಳಿ ಎಂದು ಬೈದೇ ಹೋದರಂತೆ. ಅವರದು ಮಂಜೂರಾಯಿತು. ಅವರ ಮನೆಯಲ್ಲಿ ದೀಪ ಹೊತ್ತಿತೆಂದು ನಾನು ಸಂತೋಷಪಡುತ್ತೇನೆ, ಸುಳ್ಳಲ್ಲ. ಆದರೆ ಅದನ್ನು ನೆನೆದಾಗಲೆಲ್ಲ ನಮ್ಮ ಸುಣ್ಣದ ಗೋಡೆ ಕಣ್ಣಿಗೆ ಬರುತ್ತದೆ.

ಹಾಗಾಗಿ ಆ ಬೆಳಿಗ್ಗೆ ಜೋಳದ ಮೊರದ ಮುಂದೆ ಕೂತವಳಿಗೆ ಸುದ್ದಿ ಕೇಳಿ ಆಶ್ಚರ್ಯವೇನೂ ಆಗಲಿಲ್ಲ. ಹೇಗೆ ಹೇಳುವುದು ಎಂಬುದೇ ತಿಳಿಯಲಿಲ್ಲ. ಕಡೆಗೆ ದೇವರ ಮೇಲೆ ಭಾರ ಹಾಕಿ, ಮೊರವನ್ನು ಬಟ್ಟೆಯಿಂದ ಮುಚ್ಚಿ, ಎದುರು ಮನೆಗೆ ಹೋದೆ.

ಕೋಣೆ ಹೊಗೆಯಲ್ಲಿ ಮುಳುಗಿತ್ತು. ಸುಣ್ಣದ ಗೋಡೆ ಆಗಲೇ ಕಪ್ಪಿಟ್ಟಿತ್ತು. ಅಕ್ಕ ನೋವಿನ ಭುಜಕ್ಕೆ ಬಟ್ಟೆ ಬಿಗಿದುಕೊಂಡು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಬಡಿಯುತ್ತಿದ್ದವಳು ಹಿಟ್ನಾಳದವಳು. ನಾನು ನಿಂತ ರೀತಿಯಲ್ಲೇ ಅಕ್ಕನಿಗೆ ಗೊತ್ತಾಯಿತೇನೋ.

"ಏನು ತಂಗಿ?"

ಹೇಳಿದೆ. ಅವರು ಬರೆದ ಮಾತನ್ನೂ ಹೇಳಿದೆ.

"ನಡ್ಯಾಕತ್ತಿಲ್ಲಂತ?" ಎಂದು ಅಕ್ಕ ಹಂಚಿನ ಕಡೆ ನೋಡಿದಳು. ರೊಟ್ಟಿ ಉಬ್ಬಿ ನಿಂತಿತ್ತು. "ಮತ್ತ ಇದೇನಬೇ?"

ಹಿಟ್ನಾಳದವಳು ಹಿಟ್ಟಿನ ಕೈಯನ್ನು ಬುಟ್ಟಿಗೆ ಬಡಿದಳು. "ಹೊಗಿ ಕುಡಿಸಬೇಕಿತ್ತು ಆ ಸಾಹೇಬಗ! ಕೆಮ್ಮಿಕೋತ ಕೆಮ್ಮಿಕೋತ ನಡೀತೈತಿ ಅಂತ ಬರೀತಿದ್ದ. ನಾವು ಹ್ವಾಳಗಿ ತಿನ್ನಿಸಿದ್ವಿ!"

"ಸುಮ್ಮನಿರು. ಮನಿಗೆ ಬಂದವರ ಬಗ್ಗೆ ಹಂಗ ಮಾತಾಡಬಾರದು" ಎಂದಳು ಅಕ್ಕ. ರೊಟ್ಟಿ ತಿರುವಿ ಹಾಕಿದಳು. ಬೆಂದದ್ದನ್ನು ತೆಗೆದು ಬುಟ್ಟಿಗಿಟ್ಟಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು, "ಆ ಹುಡುಗಿ ಉಂಡಾಳಿಲ್ಲೋ? ನಮ್ಮ ಸಲುವಾಗಿ ಬಿಸಲಾಗ ತಿರಗ್ಯಾಳ."

ಅಲ್ಲಿಯವರೆಗೆ ತಡೆದಿದ್ದ ನನ್ನ ಕಣ್ಣು ಆ ಮಾತಿಗೆ ತುಂಬಿ ಬಂತು. ಹೊಗೆಯ ನೆಪ ಸಿಕ್ಕಿತು. ಅದೂ ದೇವರ ದಯೆ.

ಹುಡುಗಿ ಸುಮ್ಮನೆ ಬಿಡಲಿಲ್ಲ. ಒಲೆ ಉರಿಯುವುದನ್ನು, ಗಿರಾಕಿಗಳು ನಿಂತದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಕಚೇರಿಗೆ ಅಲೆದಳು. ಖಾನಾವಳಿಯವನನ್ನೂ ಕರೆದುಕೊಂಡು ಹೋಗಿ ಹೇಳಿಸಿದಳು. ಅಷ್ಟರಲ್ಲಿ ಆ ಸಾಹೇಬರಿಗೆ ವರ್ಗವಾಗಿತ್ತು. ಹೊಸದಾಗಿ ಬಂದವರು ವಿಡಿಯೋ ನೋಡಿ ಪಾಪ ಎಂದರಂತೆ. ಆದರೆ ಒಮ್ಮೆ ತಿರಸ್ಕಾರವಾದದ್ದನ್ನು ತಿದ್ದಲು ಬರುವುದಿಲ್ಲ, ಮುಂದಿನ ವರ್ಷ ಹೊಸ ಅರ್ಜಿ ಹಾಕಿಸಿ, ನಾನೇ ಬಂದು ನೋಡುತ್ತೇನೆ ಎಂದರಂತೆ. ಮುಂದಿನ ವರ್ಷ ಎನ್ನುವುದು ಕಚೇರಿಗೆ ಹತ್ತಿರ. ಅಕ್ಕನ ಭುಜಕ್ಕೆ ಅದು ಬಹಳ ದೂರವಿತ್ತು.

ಉಳಿದ ಮೂವರು ಎಷ್ಟು ಬಡಿದರೂ ಅಕ್ಕನ ಕೈಯ ತೆಳುವು ಬರಲಿಲ್ಲ. ಖಾನಾವಳಿಯವನು ಮುಲಾಜಿಗೆ ಕೆಲವು ದಿನ ಒಯ್ದು, ಆಮೇಲೆ ಮೆಲ್ಲಗೆ ಬೇರೆ ಕಡೆ ಹೇಳಿಕೊಂಡ. ಕೋಣೆಯ ಮಾಲಕರು ಮಗನಿಗೆ ಅಂಗಡಿ ಹಾಕಿಕೊಡಬೇಕೆಂದರು. ಯಾರ ಮೇಲೂ ಸಿಟ್ಟು ಮಾಡುವಂತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿಯೇ ಇದ್ದರು, ಅಕ್ಕನ ಒಲೆ ಮಾತ್ರ ಆರಿತು.

ಪಂಚಮಿ ಹಬ್ಬ ಮುಗಿಸಿಕೊಂಡು ಅಕ್ಕ ಮಗಳ ಊರಿಗೆ ಹೊರಟಳು. ಅಳಿಯ ಬಂದಿದ್ದ. ಸಾಮಾನೇನು ಹೆಚ್ಚಿರಲಿಲ್ಲ, ಹಂಚುಗಳನ್ನು ಆ ಮೂವರಿಗೆ ಹಂಚಿದ್ದಳು. ನನ್ನ ಹಿತ್ತಾಳೆಯ ತಂಬಿಗೆ ತೊಳೆದು ತಂದುಕೊಟ್ಟಳು, ಸಾಹೇಬರು ಬಂದ ದಿನದಿಂದ ಅವಳ ಮನೆಯಲ್ಲೇ ಉಳಿದಿತ್ತು.

"ಅಕ್ಕಾ, ಬರೋ ವರ್ಷ ಮತ್ತ ಹಾಕೋಣ್ರಿ" ಎಂದಳು ನಮ್ಮ ಹುಡುಗಿ. ಕಣ್ಣು ಕೆಂಪಾಗಿತ್ತು.

"ಹೂಂ, ಹಾಕೋಣವಾ" ಎಂದು ಅಕ್ಕ ಅವಳ ಗಲ್ಲ ಸವರಿದಳು. "ಆಗ ಸಾಹೇಬ್ರು ಬಂದ್ರ ನಾ ತಿರುಗಿ ಸೈತ ನೋಡಂಗಿಲ್ಲ, ಬೆನ್ನು ಮಾಡಿ ರೊಟ್ಟಿ ಬಡಕೋತ ಕುಂದರ್ತೀನಿ. ಆತಿಲ್ಲೋ?"

ಎಲ್ಲರೂ ನಕ್ಕೆವು. ಅವಳು ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಗಂಗಾವತಿ ಬಸ್ಸು ಹತ್ತಿಸುವಾಗ ಕಿಟಕಿಯಿಂದ ಕೈ ಚಾಚಿದಳು, ಎಡಗೈ. ಹಿಡಿದುಕೊಂಡೆ. ಬೆರಳ ತುದಿಗಳು ಬೆಂಕಿಗೆ ಬೆಂದು ಬೆಂದು ಗಟ್ಟಿಯಾಗಿದ್ದವು. "ಆಕಳಿಗೆ ಹೇಳಿಲ್ಲ ತಂಗಿ" ಎಂದಳು. ಬಸ್ಸು ಹೊರಟಿತು.

ದೇವರು ಪೂರ್ತಿ ಕೈಬಿಟ್ಟ ಎಂದು ನಾನು ಹೇಳುವುದಿಲ್ಲ. ಹಿಟ್ನಾಳದವಳಿಗೆ ಶಾಲೆಯ ಬಿಸಿಯೂಟದ ಅಡುಗೆಯಲ್ಲಿ ಕೆಲಸ ಸಿಕ್ಕಿತು. ಇನ್ನಿಬ್ಬರು ಮನೆಯಲ್ಲೇ ಅಷ್ಟಿಷ್ಟು ರೊಟ್ಟಿ ಮಾಡಿ ಮಾರುತ್ತಾರೆ. ಅಕ್ಕನ ಭುಜಕ್ಕೆ ಬಿಡುವು ಸಿಕ್ಕಿತು, ಈಗ ಚೊಂಬು ಎತ್ತಿದರೆ ನೋಯುವುದಿಲ್ಲವಂತೆ. ಮೊಮ್ಮಕ್ಕಳು ಅವಳನ್ನು ಬಿಟ್ಟು ಮಲಗುವುದಿಲ್ಲವಂತೆ. ಫೋನಿನಲ್ಲಿ ಹೇಳುತ್ತಾಳೆ, "ಇಲ್ಲಿ ಬರೀ ಅನ್ನ ಉಣ್ತಾರ ತಂಗಿ, ಮೂರೂ ಹೊತ್ತು. ರೊಟ್ಟಿ ಕೇಳೋರ ಇಲ್ಲ." ನಗುತ್ತಲೇ ಹೇಳುತ್ತಾಳೆ. ನಮ್ಮ ಹುಡುಗಿ ಈಗ ಯಾವ ಊರಿಗೆ ಹೋದರೂ ಮೊದಲು ಹೇಳುವುದು ಒಂದೇ ಮಾತಂತೆ, ಸಾಹೇಬರು ಬಂದಾಗ ನಿಮ್ಮ ಕೈ ಹಿಟ್ಟಾಗಿರಲಿ, ಏಳಬೇಡಿ, ಚಾ ಆಮೇಲೆ ಕೊಡಿ. ಆ ಮಾತಿನಿಂದ ಯಲಬುರ್ಗಾದಲ್ಲಿ ಒಬ್ಬ ತಾಯಿಗೆ ಶಾವಿಗೆ ಯಂತ್ರ ಬಂತು. ಇವೆಲ್ಲ ದಯೆಗಳೇ. ದಿನಾ ದೀಪ ಹಚ್ಚುವಾಗ ನೆನೆಯುತ್ತೇನೆ. ನೆನೆದು ಮುಗಿದ ಮೇಲೂ ಒಂದು ನೋವು ಹಾಗೇ ಉಳಿಯುತ್ತದೆ. ಒಂದು ಬೆಳಿಗ್ಗೆ ಒಲೆ ಹಚ್ಚಿಬಿಟ್ಟಿದ್ದರೆ ಸಾಕಿತ್ತಲ್ಲ ಎನ್ನುವುದು ಆ ನೋವು.

ಅಕ್ಕನನ್ನು ಬಸ್ಸು ಹತ್ತಿಸಿ ಓಣಿಗೆ ಬಂದಾಗ ಕಂದು ಆಕಳು ಎದುರು ಮನೆಯ ಬಾಗಿಲಲ್ಲಿ ನಿಂತಿತ್ತು. ಕೀಲಿ ಹಾಕಿದ ಬಾಗಿಲು. ಹೊಸ್ತಿಲಿಗೆ ಮೂತಿ ಹಚ್ಚುವುದು, ಕಾಯುವುದು, ಮತ್ತೆ ಹಚ್ಚುವುದು. ನಮ್ಮ ಮನೆಯಲ್ಲಿ ಆ ಹೊತ್ತಿಗೆ ರೊಟ್ಟಿ ಇರಲಿಲ್ಲ, ಬೆಳಗಿನದು ಮುಗಿದಿತ್ತು. ಮಧ್ಯಾಹ್ನಕ್ಕೆ ಅನ್ನ ಮಾಡುವುದೆಂದುಕೊಂಡಿದ್ದೆ. "ಬಾರವ್ವಾ ಈ ಕಡೆ" ಎಂದು ಅದನ್ನು ಕರೆದು, ಕೈಕಾಲು ತೊಳೆದುಕೊಂಡು ಒಳಗೆ ಹೋದೆ. ಎಸರಿಟ್ಟು, ಡಬ್ಬಿಯಿಂದ ಹಿಟ್ಟು ತೆಗೆದು ನಾದಲು ಕುಳಿತೆ.